ಮಂಜಿನೊಳಗಿನ ನದಿ, ಚೌಕಟ್ಟಿನಾಚೆಯ ಜನ

1983ರ ಮಾರ್ಚ್ ತಿಂಗಳ ಮೊದಲ ವಾರ. ಆಸ್ಟ್ರೇಲಿಯಾದ ರಾಷ್ಟ್ರೀಯ ಚುನಾವಣೆಗೆ ಇನ್ನು ಕೆಲವೇ ದಿನಗಳು ಉಳಿದಿದ್ದವು. ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳ ಪ್ರಮುಖ ದಿನಪತ್ರಿಕೆಗಳಲ್ಲಿ ಇಡೀ ಪುಟವನ್ನು ಆವರಿಸಿದ ವರ್ಣಚಿತ್ರವೊಂದು ಅಚ್ಚಾಯಿತು. ಕಡಿದಾದ ಕಾಡಿನ ನಡುವೆ ತಿರುವು ಪಡೆಯುತ್ತಿರುವ ಕಪ್ಪು ನೀರಿನ ನದಿ, ನೀರಿನ ನಡುವೆ ತಲೆಯೆತ್ತಿ ನಿಂತ ಬಂಡೆ, ಅದರಾಚೆ ಕಣಿವೆಯನ್ನು ತುಂಬಿದ ಮುಂಜಾವಿನ ಮಂಜು. ಚಿತ್ರದೊಂದಿಗೆ ಒಂದೇ ಒಂದು ಪ್ರಶ್ನೆಯಿತ್ತು: ಇದನ್ನು ನಾಶಮಾಡಲು ಹೊರಟ ಪಕ್ಷಕ್ಕೆ ನೀವು ಮತ ಹಾಕುವಿರಾ ಎಂದು.

ಚುನಾವಣೆಯಲ್ಲಿ ಅಣೆಕಟ್ಟನ್ನು ತಡೆಯುವೆವೆಂದ ಪಕ್ಷ ಗೆದ್ದಿತು. ಅಣೆಕಟ್ಟು ನಿಂತಿತು. ನದಿ ಇಂದಿಗೂ ಹರಿಯುತ್ತಿದೆ. ಅಂದಿನಿಂದ ಲೋಕದ ಪರಿಸರ ಚಳವಳಿಗಳ ಚರಿತ್ರೆಯಲ್ಲಿ, ಒಂದು ಛಾಯಾಚಿತ್ರ ಒಂದು ನದಿಯನ್ನು ಉಳಿಸಿತೆಂಬ ಮಾತು ಗಾದೆಯಂತೆ ಬಳಕೆಯಾಗುತ್ತಿದೆ. ಈಗ ಕೈಗೊಂದು ಕ್ಯಾಮೆರಾ ಇರುವ ಕಾಲ. ಮಲೆನಾಡಿನ ಪ್ರತಿ ಹಳ್ಳಿಯ ವಿದ್ಯಾರ್ಥಿಯೂ ಮೊಬೈಲಿನಲ್ಲಿ ಹಳ್ಳ, ಕಾನು, ಹಕ್ಕಿಗಳನ್ನು ಸೆರೆಹಿಡಿಯುತ್ತಿದ್ದಾನೆ, ಸೆರೆಹಿಡಿಯುತ್ತಿದ್ದಾಳೆ. ಆದ್ದರಿಂದ ಈ ಗಾದೆಯನ್ನು ಸ್ವಲ್ಪ ಕೆದಕಿ ನೋಡುವುದು ಅಗತ್ಯವೆಂದು ನನಗೆ ತೋರುತ್ತದೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯಬೇಕಾದರೆ ಆ ಚಿತ್ರ ತೆಗೆದವನ ಬದುಕಿನ ಬಳಿಗೆ ಹೋಗಬೇಕು.

ಅವನ ಹೆಸರು ಪೀಟರ್ ಡೊಂಬ್ರೊವ್‌ಸ್ಕಿಸ್. ಹುಟ್ಟಿದ್ದು 1945ರಲ್ಲಿ, ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, ಜರ್ಮನಿಯ ವೀಸ್‌ಬಾಡೆನ್‌ನಲ್ಲಿ. ತಂದೆತಾಯಿ ಬಾಲ್ಟಿಕ್ ತೀರದ ಲಾಟ್ವಿಯಾ ದೇಶದವರು. ಯುದ್ಧ ಅವರನ್ನು ನಿರಾಶ್ರಿತರನ್ನಾಗಿ ಮಾಡಿತು; ತಂದೆಯನ್ನು ಮಗು ಕಾಣಲೇ ಇಲ್ಲವೆನ್ನಬಹುದು. 1950ರಲ್ಲಿ ತಾಯಿ ಮಗನನ್ನು ಕರೆದುಕೊಂಡು ಭೂಗೋಳದ ಮತ್ತೊಂದು ತುದಿಗೆ, ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪಕ್ಕೆ ಬಂದಳು. ಬಾಲಕನ ಕೈಗೆ ಕ್ಯಾಮೆರಾ ಕೊಟ್ಟವಳೂ ಅವಳೇ. ನೆಲೆ ಕಳೆದುಕೊಂಡವನ ಕಣ್ಣಿಗೆ ಹೊಸ ನೆಲ ಹೇಗೆ ಕಾಣಿಸುತ್ತದೆ ಎಂಬುದನ್ನು ನಾವು ಊಹಿಸಬಹುದಷ್ಟೆ. ಆದರೆ ಈ ಕಥೆಯಲ್ಲಿ ಬರುವ ಇಬ್ಬರು ಮುಖ್ಯ ಛಾಯಾಗ್ರಾಹಕರೂ ಹೀಗೆ ಯುದ್ಧದಿಂದ ಊರು ಕಳೆದುಕೊಂಡು ಬಂದವರೇ ಆಗಿರುವುದು ಕೇವಲ ಆಕಸ್ಮಿಕವೆಂದು ನಾನು ಭಾವಿಸಲಾರೆ.

ಇನ್ನೊಬ್ಬನು ಓಲೆಗಾಸ್ ಟ್ರುಕಾನಾಸ್. 1923ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿ, 1948ರಲ್ಲಿ ಟಾಸ್ಮೇನಿಯಾಕ್ಕೆ ಬಂದವನು. ಡೊಂಬ್ರೊವ್‌ಸ್ಕಿಸ್‌ಗೆ ಹದಿಹರೆಯದಲ್ಲಿ ಸಿಕ್ಕ ಗುರು. ದೋಣಿ ನಡೆಸುವುದನ್ನೂ ಬೆಟ್ಟ ಹತ್ತುವುದನ್ನೂ ಬೆಳಕನ್ನು ಕಾಯುವುದನ್ನೂ ಕಲಿಸಿದವನು. ತಂದೆಯಿಲ್ಲದ ಹುಡುಗನಿಗೆ ತಂದೆಯಂತೆಯೇ ಆದವನು. ಶಿಷ್ಯನ ಸಾಧನೆ ಅರ್ಥವಾಗಬೇಕಾದರೆ ಮೊದಲು ಗುರುವಿನ ಸೋಲನ್ನು ಅರಿಯಬೇಕು. ಚಿತ್ರಗಳ ಕೀರ್ತಿಯನ್ನು ಹಾಡುವವರು ಸಾಮಾನ್ಯವಾಗಿ ಈ ಸೋಲಿನ ಭಾಗವನ್ನು ಬೇಗ ದಾಟಿಬಿಡುತ್ತಾರೆ.

ಟಾಸ್ಮೇನಿಯಾದ ನೈಋತ್ಯ ಭಾಗ ಮಳೆಯ ನಾಡು. ಪಶ್ಚಿಮದಿಂದ ಬೀಸುವ ಗಾಳಿ ಸಮುದ್ರದ ನೀರನ್ನೆಲ್ಲ ಹೊತ್ತು ತಂದು ಅಲ್ಲಿಯ ಬೆಟ್ಟಗಳ ಮೇಲೆ ಸುರಿಯುತ್ತದೆ. ಮಳೆ ಹೆಚ್ಚು, ಕಣಿವೆ ಆಳ, ಜನವಸತಿ ವಿರಳ ಎಂದಮೇಲೆ ಜಲವಿದ್ಯುತ್ ಎಂಜಿನಿಯರರಿಗೆ ಅದಕ್ಕಿಂತ ಪ್ರಿಯವಾದ ನೆಲ ಬೇರೊಂದಿಲ್ಲ. ಈ ಲೆಕ್ಕಾಚಾರ ನಮಗೂ ಹೊಸದಲ್ಲ. ಅಲ್ಲಿಯ ಜಲವಿದ್ಯುತ್ ಆಯೋಗ ಹಲವು ದಶಕಗಳ ಕಾಲ ಸರ್ಕಾರದೊಳಗಿನ ಇನ್ನೊಂದು ಸರ್ಕಾರದಂತೆಯೇ ನಡೆದುಕೊಂಡಿತು. ಅಗ್ಗದ ವಿದ್ಯುತ್ತನ್ನು ತೋರಿಸಿ ಕಾರ್ಖಾನೆಗಳನ್ನು ಕರೆಯುವುದು, ಕಾರ್ಖಾನೆಗಳನ್ನು ತೋರಿಸಿ ಹೊಸ ಅಣೆಕಟ್ಟು ಕೇಳುವುದು ಅದರ ರೀತಿ. ಟ್ರುಕಾನಾಸ್ ಅದೇ ಆಯೋಗದ ನೌಕರನಾಗಿದ್ದನು.

ಆ ಬೆಟ್ಟಗಳ ನಡುವೆ ಪೆಡರ್ ಎಂಬ ಸರೋವರವಿತ್ತು. ಹಿಮಯುಗದ ನೀರ್ಗಲ್ಲುಗಳು ಬಿಟ್ಟುಹೋದ ಮಡುವು. ಅದರ ಒಂದು ಮಗ್ಗುಲಿಗೆ ತಿಳಿಗುಲಾಬಿ ಛಾಯೆಯ ಸ್ಫಟಿಕ ಮರಳಿನ ದಂಡೆ. ಬೇಸಗೆಯಲ್ಲಿ ಚಿಕ್ಕ ವಿಮಾನಗಳು ಆ ಮರಳಿನ ಮೇಲೆಯೇ ಇಳಿಯುತ್ತಿದ್ದವು. 1955ರಲ್ಲಿಯೇ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿತ್ತು. ಆದರೂ 1967ರಲ್ಲಿ ಅದನ್ನು ಮುಳುಗಿಸುವ ಯೋಜನೆ ಬಹಿರಂಗವಾಯಿತು. ಕಾಗದದ ಮೇಲಿನ ರಕ್ಷಣೆಯ ಬೆಲೆ ಎಷ್ಟೆಂಬುದನ್ನು ಲೋಕದ ಎಲ್ಲ ಬೆಟ್ಟದ ಜನರೂ ಒಂದಲ್ಲ ಒಂದು ದಿನ ಕಲಿಯುತ್ತಾರೆ.

ಅದೇ 1967ರ ಫೆಬ್ರವರಿಯಲ್ಲಿ ದ್ವೀಪದ ದಕ್ಷಿಣ ಭಾಗವನ್ನು ಭೀಕರ ಕಾಡ್ಗಿಚ್ಚು ಸುಟ್ಟಿತು. ಅರುವತ್ತಕ್ಕೂ ಹೆಚ್ಚು ಜನ ಸತ್ತರು. ಟ್ರುಕಾನಾಸನ ಮನೆ ಉರಿದುಹೋಯಿತು. ಮನೆಯೊಡನೆ ಅವನು ವರ್ಷಗಟ್ಟಲೆ ನಡೆದು ಕೂಡಿಹಾಕಿದ್ದ ಚಿತ್ರಗಳ ಸಂಗ್ರಹವೂ ಬೂದಿಯಾಯಿತು. ಅವನು ಮಾಡಿದ್ದೇನೆಂದರೆ, ಮತ್ತೆ ಬೆಟ್ಟಕ್ಕೆ ಹೋಗತೊಡಗಿದ್ದು. ಒಂದೊಂದೇ ಚಿತ್ರವನ್ನು ಹೊಸದಾಗಿ ತೆಗೆದನು. ಆಯೋಗದ ನೌಕರನಾದ್ದರಿಂದ ಆಯೋಗದ ವಿರುದ್ಧ ಬಹಿರಂಗವಾಗಿ ಮಾತನಾಡುವುದು ಅವನಿಗೆ ಕಷ್ಟವಾಗಿತ್ತು. ಅವನು ಹೋಬಾರ್ಟ್ ನಗರದ ಪುರಭವನದಲ್ಲಿ ಪೆಡರ್ ಸರೋವರದ ಸ್ಲೈಡುಗಳನ್ನು ತೋರಿಸಿದನು. ಕತ್ತಲೆ ಕೋಣೆ, ಬಿಳಿಯ ಪರದೆ, ಸಂಗೀತ, ಒಂದರ ನಂತರ ಒಂದು ಚಿತ್ರ. ಸಭಾಂಗಣ ಕಿಕ್ಕಿರಿಯಿತು. ಅಲ್ಲಿಯವರೆಗೆ ಆ ಸರೋವರವನ್ನು ಕಂಡಿದ್ದವರು ಬೆರಳೆಣಿಕೆಯ ಚಾರಣಿಗರಷ್ಟೇ. ಕಾಣದ್ದನ್ನು ಜನ ಹೇಗೆ ಬಯಸುತ್ತಾರೆ? ಚಿತ್ರಗಳು ಆ ಕೊರತೆಯನ್ನು ತುಂಬಿದವು.

ಆದರೂ ಸರೋವರ ಮುಳುಗಿತು. 1972ರಲ್ಲಿ ಮೂರು ಅಣೆಕಟ್ಟುಗಳ ಹಿಂದೆ ನೀರು ಏರುತ್ತ ಹೋಗಿ, ಮೂಲ ಸರೋವರಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವಿಸ್ತಾರದ ಜಲಾಶಯವಾಗಿ ಆ ಮರಳಿನ ದಂಡೆಯನ್ನು ನುಂಗಿತು. ಆ ಜಲಾಶಯಕ್ಕೆ ಪೆಡರ್ ಎಂಬ ಹಳೆಯ ಹೆಸರನ್ನೇ ಇಟ್ಟರು. ಕೊಂದವರು ಸತ್ತವರ ಹೆಸರು ಇಟ್ಟುಕೊಂಡಂತೆ. ಟ್ರುಕಾನಾಸ್ ಇದನ್ನು ನೋಡಲು ಉಳಿದಿರಲಿಲ್ಲ. 1972ರ ಜನವರಿ 6ರಂದು, ಇನ್ನೂ ಅಣೆಕಟ್ಟಿಗೆ ಸಿಗದಿದ್ದ ಗೋರ್ಡನ್ ನದಿಯ ಕಣಿವೆಯನ್ನು ಚಿತ್ರೀಕರಿಸಲು ಹೋದಾಗ ಅವನು ಕಾಲು ಜಾರಿ ನೀರುಪಾಲಾದನು. ಬೆಂಕಿಯಲ್ಲಿ ಸುಟ್ಟುಹೋದ ಚಿತ್ರಗಳನ್ನು ಮರಳಿ ಪಡೆಯುವ ಹಾದಿಯಲ್ಲಿಯೇ ಅವನ ಸಾವು ಸಂಭವಿಸಿತು. ಹುಡುಕಲು ಹೋದವರಲ್ಲಿ ಡೊಂಬ್ರೊವ್‌ಸ್ಕಿಸ್ ಇದ್ದನು. ನೀರಿನಲ್ಲಿದ್ದ ಗುರುವಿನ ದೇಹವನ್ನು ಕಂಡುಹಿಡಿದವನು ಅವನೇ.

ಚಿತ್ರಗಳಿಂದಲೇ ನೆಲ ಉಳಿಯುವುದಾಗಿದ್ದರೆ ಪೆಡರ್ ಉಳಿಯಬೇಕಿತ್ತು. ಟ್ರುಕಾನಾಸನ ಚಿತ್ರಗಳು ಶಿಷ್ಯನ ಚಿತ್ರಗಳಿಗಿಂತ ಕಡಿಮೆಯವೇನಲ್ಲ. ಹಾಗಾದರೆ 1972ಕ್ಕೂ 1983ಕ್ಕೂ ನಡುವೆ ಬದಲಾದದ್ದೇನು?

ಡೊಂಬ್ರೊವ್‌ಸ್ಕಿಸ್ ವೃತ್ತಿಯನ್ನು ಆರಂಭಿಸಿದ್ದು ಗುರು ಸತ್ತ ವರ್ಷವೇ, ತನ್ನ ಚಿತ್ರಗಳ ಮೊದಲ ಕ್ಯಾಲೆಂಡರಿನ ಮೂಲಕ. 1977ರಲ್ಲಿ ತನ್ನದೇ ಪ್ರಕಾಶನ ಸಂಸ್ಥೆ ವೆಸ್ಟ್ ವಿಂಡ್ ಪ್ರೆಸ್ ಸ್ಥಾಪಿಸಿದನು. ಕ್ಯಾಲೆಂಡರು, ದಿನಚರಿ ಪುಸ್ತಕ, ಅಂಚೆ ಕಾರ್ಡು ಇವೇ ಅವನ ಜೀವನೋಪಾಯ. ಕಲಾಗ್ಯಾಲರಿಯ ಗೋಡೆಗಿಂತ ಅಡುಗೆಮನೆಯ ಗೋಡೆ ದೊಡ್ಡದೆಂಬುದನ್ನು ಅವನು ಅರಿತಿದ್ದನೆಂದು ತೋರುತ್ತದೆ. ತಿಂಗಳಿಡೀ ಒಂದೇ ಚಿತ್ರ ಮನೆಯವರೆಲ್ಲರ ಕಣ್ಣೆದುರಿಗೆ ತೂಗುತ್ತಿದ್ದರೆ ಅದು ಆ ಮನೆಯ ಪರಿಚಿತನಂತಾಗುತ್ತದೆ. ಹೀಗೆ ಹತ್ತು ವರ್ಷಗಳ ಕಾಲ ಆ ದೂರದ ಬೆಟ್ಟಗಳು ನಗರದ ಮನೆಗಳೊಳಗೆ ಸದ್ದಿಲ್ಲದೆ ಪ್ರವೇಶಿಸಿದವು. 1983ರ ಜಾಹೀರಾತನ್ನು ಕಂಡವರಿಗೆ ಆ ನಾಡು ಹೊಸದಾಗಿರಲಿಲ್ಲ.

ಅವನ ಕೆಲಸದ ವಿಧಾನವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅವನು ಬಳಸುತ್ತಿದ್ದುದು ಲಿನ್‌ಹಾಫ್ ಎಂಬ ದೊಡ್ಡ ಅಳತೆಯ ಮಡಚುವ ಕ್ಯಾಮೆರಾ. ನಾಲ್ಕು ಅಂಗುಲ ಅಗಲ, ಐದು ಅಂಗುಲ ಉದ್ದದ ಒಂದೊಂದು ಹಾಳೆ ಫಿಲ್ಮನ್ನು ಪ್ರತ್ಯೇಕವಾಗಿ ತುಂಬಬೇಕು. ಮುಕ್ಕಾಲಿಯ ಮೇಲೆ ನಿಲ್ಲಿಸಬೇಕು. ತಲೆಗೆ ಕಪ್ಪು ಬಟ್ಟೆ ಹೊದ್ದು, ತಲೆಕೆಳಗಾಗಿ ಕಾಣುವ ಬಿಂಬವನ್ನು ಗಾಜಿನ ಮೇಲೆ ನೋಡಿ ಸ್ಪಷ್ಟಗೊಳಿಸಬೇಕು. ಈ ಎಲ್ಲ ಹೊರೆಯನ್ನೂ ವಾರಗಳ ಆಹಾರವನ್ನೂ ಬೆನ್ನಿನ ಮೇಲೆ ಹೊತ್ತು, ದಾರಿಯಿಲ್ಲದ ಕಾಡಿನಲ್ಲಿ ಮಳೆಯಲ್ಲಿ ನಡೆಯಬೇಕು. ಹಾಳೆಗಳು ಕೆಲವೇ ಇರುವುದರಿಂದ ಒಂದನ್ನು ವ್ಯಯಿಸುವ ಮುನ್ನ ಬಹಳ ಹೊತ್ತು ಸುಮ್ಮನೆ ನೋಡಬೇಕು. ಅವನ ಚಿತ್ರಗಳಲ್ಲಿ ನಾಟಕೀಯ ಸೂರ್ಯಾಸ್ತಗಳು ವಿರಳ. ಪಾಚಿ, ಕಲ್ಲುಹೂವು, ದಡದಲ್ಲಿ ಅಲೆ ಬಿಟ್ಟುಹೋದ ಕಡಲಕಳೆ, ಮಂಜು ಹಿಡಿದ ಎಲೆ, ಇಂಥವೇ ಹೆಚ್ಚು. ನೆರಳೆಂಬುದೇ ಇಲ್ಲದ ಮೋಡದ ಬೆಳಕು ಅವನಿಗೆ ಪ್ರಿಯ. ಮಲೆನಾಡಿನ ಜೂನ್–ಜುಲೈ ತಿಂಗಳ ಬೆಳಕು ಚಿತ್ರಕ್ಕೆ ಆಗದೆಂದು ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಡುವವರು ಅವನ ಒಂದು ಪುಸ್ತಕವನ್ನಾದರೂ ತೆರೆದು ನೋಡಬೇಕು.

ಸ್ವಭಾವತಃ ಅವನು ಮಿತಭಾಷಿ. ವೇದಿಕೆಯ ಮನುಷ್ಯನಲ್ಲ. ಮಾತನಾಡಬಲ್ಲವರು ಬೇರೆಯವರಿದ್ದರು, ಮತ್ತು ಪೆಡರ್ ಸೋತ ಮೇಲೆ ಅವರು ಕೈಕಟ್ಟಿ ಕುಳಿತಿರಲಿಲ್ಲ ಎಂಬುದೇ ನನ್ನ ಮೇಲಿನ ಪ್ರಶ್ನೆಗೆ ಮೊದಲ ಉತ್ತರ. ಆಯೋಗದ ಮುಂದಿನ ಗುರಿ ಫ್ರಾಂಕ್ಲಿನ್ ನದಿಯೆಂದು ತಿಳಿದಾಗ, 1976ರಲ್ಲಿ ಟಾಸ್ಮೇನಿಯಾ ವನ್ಯತಾ ಸಂಘ ಹುಟ್ಟಿಕೊಂಡಿತು. ಅದೇ ವರ್ಷ ಬಾಬ್ ಬ್ರೌನ್ ಎಂಬ ವೈದ್ಯ ಗೆಳೆಯನೊಬ್ಬನೊಡನೆ ರಬ್ಬರ್ ದೋಣಿಯಲ್ಲಿ ಫ್ರಾಂಕ್ಲಿನ್ ನದಿಯನ್ನಿಳಿದು ಬಂದು, ಮುಂದೆ ಆ ಚಳವಳಿಯ ಮುಖವಾದನು. ಊರೂರಿಗೆ ಸ್ಲೈಡುಗಳನ್ನು ಹೊತ್ತೊಯ್ದು ತೋರಿಸಿದರು, ಮನೆಮನೆಯ ಬಾಗಿಲು ತಟ್ಟಿದರು. ಡೊಂಬ್ರೊವ್‌ಸ್ಕಿಸ್ ಆ ನದಿಗಿಳಿದು ಮಂಜಿನ ಚಿತ್ರ ತೆಗೆದದ್ದು ಈ ಚಳವಳಿ ಬಲಗೊಳ್ಳುತ್ತಿದ್ದ ವರ್ಷಗಳಲ್ಲಿ, 1980ರ ಆಸುಪಾಸಿನಲ್ಲಿ. ಅಲ್ಲಿಗೆ ತಲುಪಲು ರಭಸದ ಇಳಿಜಾರುಗಳಲ್ಲಿ ಹಲವು ದಿನಗಳ ದೋಣಿ ಪ್ರಯಾಣ ಅನಿವಾರ್ಯವಾಗಿತ್ತು.

1981ರ ಡಿಸೆಂಬರಿನಲ್ಲಿ ದ್ವೀಪದ ಸರ್ಕಾರ ಜನಮತಗಣನೆ ನಡೆಸಿತು. ವಿಚಿತ್ರ ಮತಗಣನೆ ಅದು! ಮತಪತ್ರದಲ್ಲಿ ಇದ್ದುದು ಎರಡೇ ಆಯ್ಕೆ: ಈ ಅಣೆಕಟ್ಟೋ, ಆ ಅಣೆಕಟ್ಟೋ. ಯಾವುದೂ ಬೇಡವೆನ್ನಲು ಜಾಗವೇ ಇರಲಿಲ್ಲ. ಮತ ಹಾಕಿದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಮತಪತ್ರದ ಮೇಲೆ ತಮ್ಮ ಕೈಯಿಂದಲೇ ಅಣೆಕಟ್ಟು ಬೇಡವೆಂದು ಬರೆದರು. 1982ರ ಡಿಸೆಂಬರ್ 14ರಂದು ನದಿಗೆ ಹೋಗುವ ಹಾದಿಯಲ್ಲಿ ತಡೆ ಚಳವಳಿ ಆರಂಭವಾಯಿತು. ಆ ಹೊತ್ತಿಗೇ ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮುಂದಿನ ತಿಂಗಳುಗಳಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಜನ ಬಂಧಿತರಾದರು, ನೂರಾರು ಜನ ಸೆರೆಮನೆಗೆ ಹೋದರು. ಕೊನೆಗೆ ಚುನಾವಣೆ, ಆ ಜಾಹೀರಾತು, ಬಾಬ್ ಹಾಕ್ ನೇತೃತ್ವದ ಹೊಸ ಸರ್ಕಾರ, ಅದು ತಂದ ಕಾನೂನು. ದ್ವೀಪದ ಸರ್ಕಾರ ಅದನ್ನು ಪ್ರಶ್ನಿಸಿತು. 1983ರ ಜುಲೈ 1ರಂದು ಆಸ್ಟ್ರೇಲಿಯಾದ ಉಚ್ಚ ನ್ಯಾಯಾಲಯ ತೀರ್ಪು ನೀಡಿತು. ಏಳು ನ್ಯಾಯಾಧೀಶರಲ್ಲಿ ನಾಲ್ವರು ಅಣೆಕಟ್ಟು ತಡೆಯುವ ಪರ, ಮೂವರು ವಿರುದ್ಧ. ಒಬ್ಬ ನ್ಯಾಯಾಧೀಶ ಅತ್ತ ವಾಲಿದ್ದರೆ ಮಂಜಿನ ಚಿತ್ರ ಇಂದು ಪೆಡರ್ ಚಿತ್ರಗಳ ಪಕ್ಕದಲ್ಲಿ, ಮುಳುಗಿದ ನಾಡಿನ ನೆನಪಾಗಿ ಇರುತ್ತಿತ್ತು.

ಆದ್ದರಿಂದ ಚಿತ್ರವೇ ನದಿಯನ್ನು ಉಳಿಸಿತೆನ್ನುವುದು ಸೆರೆಮನೆಗೆ ಹೋದವರಿಗೂ, ಬಾಗಿಲು ತಟ್ಟಿದವರಿಗೂ, ವಕೀಲರಿಗೂ ಮಾಡುವ ಅನ್ಯಾಯ. ಚಿತ್ರಕ್ಕೆ ಸಲ್ಲಬೇಕಾದುದು ಅಲ್ಪವಲ್ಲ. ಎಲ್ಲವೂ ಸಿದ್ಧವಾಗಿದ್ದಾಗ ಅದು ಸರಿಯಾದ ದಿನ ಸರಿಯಾದ ಕಣ್ಣುಗಳ ಮುಂದೆ ಬಿತ್ತು. ಇಂದು ನಿಸರ್ಗ ಛಾಯಾಗ್ರಹಣವೆಂದರೆ ಬಹುಮಾನದ ಸ್ಪರ್ಧೆಯೆಂದೋ ಮೆಚ್ಚುಗೆಯ ಎಣಿಕೆಯೆಂದೋ ತಿಳಿದಿರುವವರಿಗೆ ನಾನು ಹೇಳಬಯಸುವುದು ಇದನ್ನೇ: ಸಂಘಟನೆಯೊಂದರ ಕೈಗೆ ಸಿಗದ ಚಿತ್ರ, ಅದು ಎಷ್ಟೇ ಸುಂದರವಾಗಿದ್ದರೂ, ಬರಿಯ ಚಿತ್ರವೇ.

ಇಲ್ಲಿಯವರೆಗೆ ಹೇಳಿದ್ದನ್ನು ಪರಿಸರಾಸಕ್ತರು ಒಪ್ಪಿಯಾರು. ಇನ್ನು ಮುಂದಿನದು ಕೆಲವರಿಗೆ ರುಚಿಸಲಾರದು.

ಆ ಜಾಹೀರಾತು ಯಾರನ್ನು ಒಲಿಸಿತು? 1983ರ ಚುನಾವಣೆಯಲ್ಲಿ ದೇಶದಲ್ಲಿ ಅಣೆಕಟ್ಟು ವಿರೋಧಿ ಪಕ್ಷ ಗೆದ್ದಿತು, ನಿಜ. ಆದರೆ ಟಾಸ್ಮೇನಿಯಾ ದ್ವೀಪದ ಐದು ಲೋಕಸಭಾ ಸ್ಥಾನಗಳಲ್ಲಿ ಐದನ್ನೂ ಗೆದ್ದವರು ಅಣೆಕಟ್ಟಿನ ಪರವಿದ್ದ ಪಕ್ಷದವರು. ನದಿಯ ಸಮೀಪದ ಪಶ್ಚಿಮದ ಊರುಗಳಲ್ಲಿ ಅಣೆಕಟ್ಟೆಂದರೆ ಉದ್ಯೋಗ. ಗಣಿಯ ಊರಾದ ಕ್ವೀನ್ಸ್‌ಟೌನಿನ ಜನರಿಗೆ ನಗರದಿಂದ ಬಂದು ನದಿಗೆ ಅಡ್ಡ ನಿಂತವರು ತಮ್ಮ ಅನ್ನಕ್ಕೆ ಅಡ್ಡ ನಿಂತವರಂತೆ ಕಂಡರು. ಚಿತ್ರ ದೂರದವರನ್ನು ಗೆದ್ದಿತು, ಹತ್ತಿರದವರನ್ನು ಗೆಲ್ಲಲಿಲ್ಲ. ಹತ್ತಿರದವರನ್ನು ಅಜ್ಞಾನಿಗಳೆಂದು ಬದಿಗೊತ್ತುವುದು ಸುಲಭ. ನನಗೆ ಹಾಗೆ ಮಾಡುವ ಮನಸ್ಸಿಲ್ಲ, ಏಕೆಂದರೆ ನಾವೂ ಹತ್ತಿರದವರೇ. ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ನಮ್ಮ ಕಾಡಿನ ಚಿತ್ರ ನೋಡಿ ಮನಸೋತವರು ನಮ್ಮ ಬಗ್ಗೆ ತೀರ್ಮಾನ ಕೈಗೊಂಡಾಗ ನಮಗೆ ಏನನ್ನಿಸುತ್ತದೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕಿಂತ ಆಳವಾದ ಪ್ರಶ್ನೆಯೊಂದಿದೆ. ಆ ಮಂಜಿನ ಚಿತ್ರದಲ್ಲಿ ಮನುಷ್ಯನಿಲ್ಲ. ಡೊಂಬ್ರೊವ್‌ಸ್ಕಿಸ್‌ನ ಪ್ರಸಿದ್ಧ ಚಿತ್ರಗಳಲ್ಲಿ ಬಹುಪಾಲು ಹಾಗೆಯೇ. ನೋಡುವವನಿಗೆ ಈ ನೆಲವನ್ನು ಯಾರೂ ತುಳಿದೇ ಇಲ್ಲ, ಸೃಷ್ಟಿಯ ಮೊದಲ ದಿನದಂತೆ ಇದು ಉಳಿದಿದೆ ಎಂಬ ಭಾವ ಬರುತ್ತದೆ. ಆ ಭಾವವೇ ಅದರ ಬಲ. ಆದರೆ ಅದು ಸತ್ಯವಲ್ಲ.

ಮುಳುಗಬೇಕಾಗಿದ್ದ ಅದೇ ಫ್ರಾಂಕ್ಲಿನ್ ಕಣಿವೆಯಲ್ಲಿ ಒಂದು ಸುಣ್ಣಕಲ್ಲಿನ ಗುಹೆಯಿದೆ. 1981ರಲ್ಲಿ ಪುರಾತತ್ತ್ವಜ್ಞರು ಅಲ್ಲಿ ಅಗೆದು ನೋಡಿದಾಗ ಕಲ್ಲಿನ ಆಯುಧಗಳೂ ಒಲೆಯ ಬೂದಿಯೂ ರಾಶಿ ರಾಶಿ ಪ್ರಾಣಿ ಮೂಳೆಗಳೂ ದೊರೆತವು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದ ಕೊರೆವ ಚಳಿಯಲ್ಲಿ, ಅಲ್ಲಿ ಜನ ವಾಸಿಸಿದ್ದರು. ಆ ಕಾಲದಲ್ಲಿ ಭೂಮಿಯ ಮೇಲೆ ಅಷ್ಟು ದಕ್ಷಿಣಕ್ಕೆ ಬದುಕಿದ್ದವರೆಂದು ತಿಳಿದಿರುವುದು ಈ ಜನರನ್ನೇ. ಮೊದಲು ಆ ಗುಹೆಗೆ ಅಂದಿನ ಪ್ರಧಾನಿ ಫ್ರೇಸರ್ ಹೆಸರಿಟ್ಟರು, ಅವರ ಗಮನ ಸೆಳೆಯುವ ಆಸೆಯಿಂದ. ಅನಂತರ ಅದು ಮೂಲನಿವಾಸಿಗಳ ನುಡಿಯಲ್ಲಿ ಕುಟಿಕಿನಾ ಎನಿಸಿತು. ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ದ್ವೀಪದ ಮೂಲನಿವಾಸಿಗಳಲ್ಲಿ ಬದುಕುಳಿದಿದ್ದವರನ್ನು ಹಿಡಿದು ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಲಾಯಿತು. ಅಲ್ಲಿ ಅವರಲ್ಲಿ ಬಹುಮಂದಿ ಸತ್ತರು. ಆಮೇಲೆ ಆ ಜನಾಂಗವೇ ಅಳಿಯಿತೆಂದು ಶಾಲೆಯ ಪುಸ್ತಕಗಳು ಕಲಿಸಿದವು. ಅವರ ವಂಶಜರು ಇಂದಿಗೂ ಇದ್ದಾರೆ. ಫ್ರಾಂಕ್ಲಿನ್ ಹೋರಾಟದಲ್ಲಿಯೂ ಅವರ ದನಿ ಇತ್ತು. ಗುಹೆಯ ಹಕ್ಕು ಅವರಿಗೆ ಮರಳಿದ್ದು 1995ರಲ್ಲಿ.

ಛಾಯಾಗ್ರಾಹಕರು ನಿರ್ಜನವೆಂದು ಮೆಚ್ಚುವ ನೈಋತ್ಯದ ಹುಲ್ಲಿನ ಬಯಲುಗಳನ್ನೂ ಆ ಜನರ ಬೆಂಕಿಯೇ ಸಾವಿರಾರು ವರ್ಷಗಳ ಕಾಲ ರೂಪಿಸಿ ಉಳಿಸಿಕೊಂಡು ಬಂದಿತೆಂಬುದನ್ನು ಇಂದು ಬಹುಪಾಲು ವಿಜ್ಞಾನಿಗಳು ಒಪ್ಪುತ್ತಾರೆ. ಜನರನ್ನು ಬಲವಂತವಾಗಿ ಖಾಲಿ ಮಾಡಿಸಿದ ನೆಲ ನೂರೈವತ್ತು ವರ್ಷಗಳ ನಂತರ ಕ್ಯಾಮೆರಾದ ಮುಂದೆ ಸಹಜವಾಗಿ ಖಾಲಿಯಾಗಿದ್ದ ನೆಲದಂತೆ ನಿಂತಿತು. ಇದಕ್ಕೆ ಡೊಂಬ್ರೊವ್‌ಸ್ಕಿಸ್ ಒಬ್ಬನನ್ನೇ ಹೊಣೆ ಮಾಡಲಾಗದು. ನಿರಾಶ್ರಿತನಾಗಿ ಬಂದ ಅವನು ಯಾರನ್ನೂ ಓಡಿಸಿದವನಲ್ಲ. ಅಮೆರಿಕದಿಂದ ಹಿಡಿದು ಎಲ್ಲೆಡೆ ವನ್ಯತೆಯ ಛಾಯಾಗ್ರಹಣ ಬೆಳೆದದ್ದೇ ಈ ಖಾಲಿ ಚೌಕಟ್ಟಿನ ಮೇಲೆ. ಆದರೂ ನದಿಯನ್ನುಳಿಸುವ ವಾದದಲ್ಲಿ ಆ ಚಿತ್ರದಷ್ಟೇ ಗಟ್ಟಿಯಾಗಿದ್ದ ಗುಹೆ, ಜನಮನದ ನೆನಪಿನಲ್ಲಿ ಚಿತ್ರದ ಹಿಂದೆ ಮರೆಯಾಯಿತಲ್ಲ, ಅದನ್ನು ನಾವು ಕಾಣದಂತೆ ಇರಲಾಗದು.

ಈ ಮಾತು ನಮಗೇಕೆ? ಫ್ರಾಂಕ್ಲಿನ್ ಹೋರಾಟ ನಡೆಯುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಉತ್ತರ ಕನ್ನಡದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಜನ ಎದ್ದಿದ್ದರು. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಯಿತು. ಅಲ್ಲಿ ಕೃಷಿಕರು ವಿಜ್ಞಾನಿಗಳ ಎದುರಿಗೆ ಇಟ್ಟದ್ದು ಮಂಜಿನ ಚಿತ್ರವನ್ನಲ್ಲ, ಲೆಕ್ಕವನ್ನು. ಯೋಜನಾ ವರದಿ ಬಿಟ್ಟುಬಿಟ್ಟಿದ್ದ ತೋಟ, ಕಾಡು, ಬದುಕು ಇವುಗಳ ಲೆಕ್ಕ. ಯೋಜನೆಯನ್ನು ಅನಂತರ ಕೈಬಿಡಲಾಯಿತು. ಎರಡೂ ಗೆಲುವುಗಳೇ. ಆದರೆ ಒಂದರಲ್ಲಿ ನೆಲವನ್ನು ಉಳಿಸಿದ್ದು ಅಲ್ಲಿ ಯಾರೂ ಇಲ್ಲವೆಂಬ ಭಾವ. ಇನ್ನೊಂದರಲ್ಲಿ, ಅಲ್ಲಿ ನಾವಿದ್ದೇವೆಂಬ ಸಾಕ್ಷ್ಯ. ನಮ್ಮ ಘಟ್ಟಗಳಲ್ಲಿ ಮೊದಲನೆಯ ದಾರಿ ಅಪಾಯಕಾರಿ. ಮನುಷ್ಯರಿಲ್ಲದ ಮಲೆನಾಡಿನ ಚಿತ್ರವನ್ನು ಕಂಡವನಿಗೆ ಮನುಷ್ಯರಿರುವ ಮಲೆನಾಡು ಕೆಟ್ಟುಹೋದದ್ದೆಂದೇ ತೋರುತ್ತದೆ. ಲಿಂಗನಮಕ್ಕಿಯ ನೀರು 1964ರಲ್ಲಿ ತುಂಬಿದಾಗ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇಂದು ಅರಣ್ಯ ಅತಿಕ್ರಮಣದಾರರೆನಿಸಿಕೊಂಡು ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಶರಾವತಿ ಹಿನ್ನೀರಿನ ರಮ್ಯ ಸೂರ್ಯಾಸ್ತದ ಚಿತ್ರಗಳಲ್ಲಿ ಅವರು ಎಲ್ಲಿದ್ದಾರೆ?

ಈಚಿನ ವರ್ಷಗಳಲ್ಲಿ ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆ, ಬೇಡ್ತಿ–ವರದಾ ನದಿ ಜೋಡಣೆಗಳ ಚರ್ಚೆ ಬಂದಾಗಲೆಲ್ಲ ನಮ್ಮ ಯುವಜನರು ಚಿತ್ರಗಳನ್ನೂ ವಿಡಿಯೊಗಳನ್ನೂ ಹಂಚುತ್ತಿದ್ದಾರೆ. ಬಹಳ ಒಳ್ಳೆಯದು. ಆದರೆ ಅವುಗಳಲ್ಲಿ ಹೆಚ್ಚಿನವು ಡ್ರೋನಿನಿಂದ ತೆಗೆದ ಹಸಿರು, ಅದರ ಮೇಲೊಂದು ಸಂಗೀತ. ಆ ಹಸಿರಿನೊಳಗಿನ ಸೊಪ್ಪಿನ ಬೆಟ್ಟ ಯಾರದು, ಕಾನಿನಲ್ಲಿ ಉಪ್ಪಾಗೆ ಹೆಕ್ಕುವವಳು ಯಾರು, ಹಳ್ಳಕ್ಕೆ ಕಟ್ಟಿದ ಮಣ್ಣಿನ ಒಡ್ಡು ಎಷ್ಟು ತೋಟಗಳಿಗೆ ನೀರುಣಿಸುತ್ತದೆ ಎಂಬುದು ಆಕಾಶದಿಂದ ಕಾಣುವುದಿಲ್ಲ. ಡೊಂಬ್ರೊವ್‌ಸ್ಕಿಸ್‌ನ ತಾಳ್ಮೆಯಿಂದ, ಅವನಂತೆ ಮಳೆಯಲ್ಲಿ ನಿಂತು, ಈ ಜನರನ್ನೂ ಅವರ ಕೆಲಸವನ್ನೂ ಅವರ ಒಪ್ಪಿಗೆ ಪಡೆದು, ಹೆಸರು, ದಿನಾಂಕ, ಸ್ಥಳಗಳೊಡನೆ ಚಿತ್ರಿಸಿದರೆ ಅದು ಸಾರ್ವಜನಿಕ ಅಹವಾಲು ಸಭೆಯಲ್ಲಿಯೂ ನ್ಯಾಯಾಲಯದಲ್ಲಿಯೂ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಅದೇ ಗುಡ್ಡದ ಚಿತ್ರ ತೆಗೆದಿಡುವ ವಿದ್ಯಾರ್ಥಿಯೊಬ್ಬ ಹತ್ತು ವರ್ಷಗಳಲ್ಲಿ ಯಾವ ಇಲಾಖೆಯ ಬಳಿಯೂ ಇಲ್ಲದ ದಾಖಲೆಯನ್ನು ಕೂಡಿಸಿರುತ್ತಾನೆ. ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ.

ಗೆಲುವಿನ ನಂತರವೂ ಡೊಂಬ್ರೊವ್‌ಸ್ಕಿಸ್ ಮೊದಲಿನಂತೆಯೇ ಬದುಕಿದನು. 1983ರಲ್ಲಿ ಬಾಬ್ ಬ್ರೌನ್ ಬರಹದೊಡನೆ ನದಿಗಳ ಕುರಿತ ಪುಸ್ತಕ ಪ್ರಕಟವಾಯಿತು. ವರ್ಷ ವರ್ಷವೂ ಕ್ಯಾಲೆಂಡರುಗಳು ಬಂದವು. 1996ರ ಮಾರ್ಚ್ ತಿಂಗಳಲ್ಲಿ, ನೈಋತ್ಯದ ವೆಸ್ಟರ್ನ್ ಆರ್ಥರ್ ಶ್ರೇಣಿಯಲ್ಲಿ ಒಬ್ಬನೇ ಚಿತ್ರ ತೆಗೆಯಲು ಹೋದವನು ಹಿಂದಿರುಗಲಿಲ್ಲ. ಹೃದಯಾಘಾತ; ವಯಸ್ಸು ಐವತ್ತೊಂದು. ಗುರುವಿನಂತೆ ಶಿಷ್ಯನೂ ಬೆಟ್ಟದಲ್ಲಿಯೇ ಸತ್ತನು. 2003ರಲ್ಲಿ ಅಂತರರಾಷ್ಟ್ರೀಯ ಛಾಯಾಗ್ರಹಣ ಗೌರವ ಪಟ್ಟಿಗೆ ಅವನ ಹೆಸರು ಸೇರಿತು, ಆಸ್ಟ್ರೇಲಿಯಾದಿಂದ ಆ ಮನ್ನಣೆ ಪಡೆದ ಮೊದಲಿಗನಾಗಿ. ಅವನ ಮೂರು ಸಾವಿರಕ್ಕೂ ಹೆಚ್ಚು ಮೂಲಚಿತ್ರಗಳು ಈಗ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ; ಆಸಕ್ತ ವಿದ್ಯಾರ್ಥಿಗಳು ಗ್ರಂಥಾಲಯದ ಜಾಲತಾಣದಲ್ಲಿ ಅವುಗಳನ್ನು ನೋಡಬಹುದು.

ಪೆಡರ್ ವಿಷಯವೂ ಮುಗಿದಿಲ್ಲ. ಮುಳುಗುಗಾರರು ಕೆಳಗಿಳಿದು ನೋಡಿದಾಗ ಆ ಮರಳಿನ ದಂಡೆ ತೆಳುವಾದ ಹೂಳಿನಡಿಯಲ್ಲಿ ಬಹುಮಟ್ಟಿಗೆ ಹಾಗೆಯೇ ಇದ್ದುದು ಕಂಡುಬಂತು. 1995ರಲ್ಲಿ ಅಲ್ಲಿಯ ಸಂಸತ್ತಿನ ಸಮಿತಿಯೊಂದು ಜಲಾಶಯವನ್ನು ಬರಿದು ಮಾಡಿ ಮೂಲ ಸರೋವರವನ್ನು ಮರಳಿ ಪಡೆಯುವ ಸಾಧ್ಯತೆಯನ್ನು ಪರಿಶೀಲಿಸಿತು. ತಾಂತ್ರಿಕವಾಗಿ ಅದು ಅಸಾಧ್ಯವಲ್ಲವೆಂದು ಕಂಡರೂ ಕೆಲಸ ಮುಂದುವರಿಯಲಿಲ್ಲ. ಅಣೆಕಟ್ಟನ್ನು ಕಳಚಬೇಕೆಂದು ಒತ್ತಾಯಿಸುವವರು ಇಂದಿಗೂ ಸಭೆ ನಡೆಸುತ್ತಾರೆ. ಆ ದಂಡೆಯನ್ನು ಕಣ್ಣಾರೆ ಕಂಡವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಸಭೆಗೆ ಬಂದ ಹುಡುಗರಿಗೆ ನೀರಿನ ಕೆಳಗೆ ಏನಿದೆಯೆಂದು ತೋರಿಸಲು ಅವರು ಪರದೆಯ ಮೇಲೆ ಹಾಕುವುದು, ಬೆಂಕಿಯ ನಂತರ ಟ್ರುಕಾನಾಸ್ ಎರಡನೆಯ ಬಾರಿ ತೆಗೆದ ಚಿತ್ರಗಳನ್ನು.